ರಾಬರ್ಟ್ ಮಾರಿಸ್ ದಿವಾಳಿಯಾಗಿದ್ದು ಯುದ್ಧದಿಂದಲ್ಲ

ಫಿಲಡೆಲ್ಫಿಯಾದ ವ್ಯಾಪಾರಿ ರಾಬರ್ಟ್ ಮಾರಿಸ್ ತನ್ನ ಆಸ್ತಿಯನ್ನೆಲ್ಲ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದು, ಕೃತಘ್ನ ದೇಶದ ಕೈಯಲ್ಲಿ ಜೈಲು ಸೇರಿದ ಎಂಬ ಮಾತು ಓಡಾಡುತ್ತಿದೆ. ಕೇಳಿದರೆ ಕರುಳು ಚುರುಕ್ ಅನ್ನುತ್ತದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ.

ಯುದ್ಧಕ್ಕೆ ಅವನ ನೆರವು ದೊಡ್ಡದು, ಅದರಲ್ಲಿ ಅನುಮಾನ ಬೇಡ. 1781ರಿಂದ 1784ರವರೆಗೆ ದೇಶದ ಹಣಕಾಸು ನೋಡಿಕೊಂಡವನು ಅವನೇ. ಸರ್ಕಾರದ ಮಾತನ್ನು ಯಾರೂ ನಂಬದಿದ್ದಾಗ ತನ್ನದೇ ಸಹಿಯ ನೋಟು ಕೊಟ್ಟು ಖರ್ಚು ತೂಗಿಸಿದ. ಆದರೆ ಅದು ಸಾಲದ ಭರವಸೆ, ದಾನವಲ್ಲ. ಯುದ್ಧ ಮುಗಿದ ಮೇಲೂ ಅವನು ಭಾರಿ ಸಿರಿವಂತನೇ ಆಗಿದ್ದ.

ಅವನನ್ನು ಮುಳುಗಿಸಿದ್ದು 1790ರ ದಶಕದ ಜಮೀನು ವ್ಯವಹಾರ. ಸಾಲ ಮಾಡಿ ಲಕ್ಷಾಂತರ ಎಕರೆ ಕೊಂಡ. ಹೊಸ ರಾಜಧಾನಿ ವಾಷಿಂಗ್ಟನ್‌ನಲ್ಲೂ ಸಾವಿರಾರು ನಿವೇಶನ ಹಿಡಿದ. 1795ರಲ್ಲಿ ಪಾಲುದಾರರ ಜೊತೆ ಜಮೀನು ಕಂಪನಿಯನ್ನೇ ತೆರೆದ. ಕೊಳ್ಳುವವರು ಬರಲಿಲ್ಲ, ಕಂತುಗಳು ಬೆಳೆದವು. ಇದರ ನಡುವೆಯೇ ಫಿಲಡೆಲ್ಫಿಯಾದಲ್ಲಿ ಇಟ್ಟಿಗೆ, ಅಮೃತಶಿಲೆಯ ಮಹಲು ಕಟ್ಟಿಸುತ್ತಿದ್ದ! ವಾಷಿಂಗ್ಟನ್ ನಗರದ ನಕ್ಷೆ ಬರೆದ ಪಿಯರ್ ಲಾಂಫಾಂಟ್ ಎಂಬವನೇ ಅದರ ವಾಸ್ತುಶಿಲ್ಪಿ. ಆ ಮನೆ ಕೊನೆಗೂ ಪೂರ್ತಿಯಾಗಲಿಲ್ಲ.

1798ರ ಫೆಬ್ರವರಿಯಲ್ಲಿ ಸಾಲ ತೀರಿಸಲಾಗದವರನ್ನು ಇಡುವ ಜೈಲಿಗೆ ಹೋದ. ತನ್ನ ಆಸ್ತಿ ಏನೇನಾಯಿತು ಎಂದು ಅವನೇ ಬರೆದಿಟ್ಟ ವಿವರ ಇಂದಿಗೂ ಉಳಿದಿದೆ. ಸಾಲ ಸುಮಾರು 30 ಲಕ್ಷ ಡಾಲರ್. ಇನ್ನು ದೇಶ ಅವನನ್ನು ಮರೆತುಬಿಟ್ಟಿತು ಅನ್ನುವುದೂ ಅಷ್ಟು ಸರಿಯಲ್ಲ. ಜಾರ್ಜ್ ವಾಷಿಂಗ್ಟನ್ ಜೈಲಿಗೇ ಹೋಗಿ ಅವನ ಜೊತೆ ಊಟ ಮಾಡಿದ. 1800ರಲ್ಲಿ ಬಂದ ದಿವಾಳಿ ಕಾನೂನಿನಿಂದಲೇ 1801ರ ಆಗಸ್ಟ್‌ನಲ್ಲಿ ಅವನಿಗೆ ಬಿಡುಗಡೆ ಸಿಕ್ಕಿತು.