ಹೆಸರಿನ ಬಾಲ, ನೀರಿನ ಪೈಪು

ಕಟ್ಟಡದ ಎತ್ತರವನ್ನು ಮಹಡಿಗಳಲ್ಲಿ ಎಣಿಸುತ್ತಾರೆ. ಕಟ್ಟಿಸುವವರ ಎತ್ತರವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿಗೆ ಅಂಟಿಕೊಂಡ ಅಕ್ಷರಗಳಲ್ಲಿ ಎಣಿಸುತ್ತಾರೆ. ಈ ಬಾಲಗಳನ್ನು ದಯಪಾಲಿಸುವ ಸಂಘಗಳು ನಿನ್ನೆ ಮೊನ್ನೆಯವಲ್ಲ. ಇಂದಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಬಿಲ್ಡಿಂಗ್ 1834ರಲ್ಲಿ ಲಂಡನ್ನಿನಲ್ಲಿ ಬಿಲ್ಡರ್ಸ್ ಸೊಸೈಟಿಯಾಗಿ ಹುಟ್ಟಿತು. ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1969ರದು. ನೀತಿಸಂಹಿತೆ, ಪರೀಕ್ಷೆ, ಪಠ್ಯಕ್ರಮ ಎಲ್ಲವನ್ನೂ ಇಂಥವರು ಕೊಟ್ಟಿದ್ದಾರೆ, ಒಪ್ಪೋಣ. ಕಾಂಕ್ರೀಟಿಗೆ ಮಾತ್ರ ಓದಲು ಬರುವುದಿಲ್ಲ.

ಪಡೆದ ಬಾಲ ಉದುರದಿರಲು ಕಲಿಕೆಯ ಗಂಟೆ ಒಪ್ಪಿಸಬೇಕು. ಆ ಅಮೆರಿಕದ ಸಂಸ್ಥೆ ಕೊಡುವ ಪಿಎಂಪಿ ಎಂಬ ಯೋಜನಾ ನಿರ್ವಹಣೆಯ ಪ್ರಮಾಣಪತ್ರಕ್ಕೆ 3 ವರ್ಷದಲ್ಲಿ 60 ಅಂಕ, ಗಂಟೆಗೊಂದು. ಗಂಟೆ ತುಂಬಿತೇ ಎಂದು ನೋಡುವ ವ್ಯವಸ್ಥೆ ಇದೆ. ತಲೆ ತುಂಬಿತೇ ಎಂದು ನೋಡುವವರು ಯಾರು?

ಈಗ ಸೈಟಿಗೆ ಬನ್ನಿ. ಸ್ಲ್ಯಾಬ್ ಹಾಕುವ ದಿನ. ಎಂಜಿನಿಯರ್ ಕಿವಿಯಲ್ಲಿ ಇಯರ್‌ಫೋನ್, ಅದರೊಳಗೆ ವೆಬಿನಾರ್, ವಿಷಯ 'ನೀರು-ಸಿಮೆಂಟ್ ಅನುಪಾತ'. ಎದುರಿಗೆ ಕಲಸಿದ ಕಾಂಕ್ರೀಟ್ ಹೊತ್ತು ತಂದ 6 ಘನ ಮೀಟರಿನ ಗಾಡಿ, ಟ್ರಾನ್ಸಿಟ್ ಮಿಕ್ಸರ್. ಘನ ಮೀಟರಿಗೆ 400 ಕೆಜಿ ಸಿಮೆಂಟ್, 180 ಲೀಟರ್ ನೀರು, ಅನುಪಾತ 0.45. ದಾರಿಯಲ್ಲಿ ತಡವಾಗಿ ಮಾಲು ಗಟ್ಟಿಯಾಗಿದೆ, ಪಂಪ್ ಎಳೆಯುತ್ತಿಲ್ಲ. ಮೇಸ್ತ್ರಿ ಪೈಪು ಹಿಡಿದು 120 ಲೀಟರ್ ಬಿಡುತ್ತಾನೆ. ಘನ ಮೀಟರಿಗೆ 20 ಲೀಟರ್ ಹೆಚ್ಚಾಯಿತು, ಅನುಪಾತ 0.50 ಆಯಿತು. ಬೇಕಾಗಿದ್ದು ನೀರು ಹೆಚ್ಚಿಸದೆ ಮಾಲನ್ನು ಸಡಿಲಿಸುವ, ಅಳತೆ ಮಾಡಿದ ಪ್ಲಾಸ್ಟಿಸೈಸರ್ ದ್ರಾವಣ, ಸಿಕ್ಕಿದ್ದು ಅಳತೆಯಿಲ್ಲದ ಪೈಪು. ಹೆಚ್ಚುವರಿ ನೀರು ಆವಿಯಾದಾಗ ರಂಧ್ರ ಬಿಟ್ಟುಹೋಗುತ್ತದೆ, ಬಲ ಇಳಿಯುತ್ತದೆ, ಬಿರುಕು ಬಿಡುತ್ತದೆ. ಇದನ್ನೇ ಇಯರ್‌ಫೋನಿನಲ್ಲಿ ಉಪನ್ಯಾಸಕರು 14ನೇ ಸ್ಲೈಡಿನಲ್ಲಿ ವಿವರಿಸುತ್ತಿದ್ದಾರೆ.

ಬಲ ಪರೀಕ್ಷೆಗೆಂದು ಅದೇ ಮಾಲಿನಿಂದ ಕ್ಯೂಬ್ ಎಂಬ ಮಾದರಿ ತುಂಡು ತುಂಬಿಸಿದ್ದು ಯಾವಾಗ ಗೊತ್ತೇ? ಪೈಪು ಬರುವ ಮೊದಲು. 150 ಮಿಮೀ ಅಚ್ಚು, ಮೂರು ಪದರ, ಎಲ್ಲ ಶಾಸ್ತ್ರೋಕ್ತ. ಮರುದಿನ ಅಚ್ಚಿನಿಂದ ಬಿಡಿಸಿ ತೊಟ್ಟಿಯ ನೀರಿನಲ್ಲಿಟ್ಟು 28ನೇ ದಿನದವರೆಗೂ ರಾಜೋಪಚಾರ. ಸ್ಲ್ಯಾಬಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಅಂದರೆ ಒಣಗದಂತೆ ಒದ್ದೆಯಾಗಿಡುವುದು, ಬೇಕು. ಎರಡು ದಿನ ಗೋಣಿಚೀಲ ನೆನೆಸಿ, ಮೂರನೆಯ ದಿನ ಅದರ ಮೇಲೆ ಸಾರವೆ ಮರ ಪೇರಿಸಲಾಗುತ್ತದೆ. ಕ್ಯೂಬ್ ಪಾಸಾಗುತ್ತದೆ. ಅದರಲ್ಲಿ ಯಾರೂ ವಾಸಿಸುವುದಿಲ್ಲ.

ವೇಳಾಪಟ್ಟಿಯ ಕಥೆಯೂ ಬೇರೆಯಲ್ಲ. ಕ್ರಿಟಿಕಲ್ ಪಾತ್ ಲೆಕ್ಕ 1950ರ ದಶಕದ ಕೊನೆಯಲ್ಲಿ ಬಂತು. ಯಾವ ಕೆಲಸ ತಡವಾದರೆ ಇಡೀ ಯೋಜನೆ ತಡ ಎಂದು ಮೊದಲೇ ಹೇಳುವುದು ಅದರ ಉದ್ದೇಶ. ಈಗ ತಡವಾದ ಮೇಲೆ ಚಾರ್ಟಿನ ಗೆರೆಯನ್ನು ಮುಂದಕ್ಕೆ ಎಳೆದು, ಹೊಸ ದಿನಾಂಕಗಳನ್ನೇ ಮೂಲ ಗಡುವೆಂದು ಬಗೆದು 'ಪರಿಷ್ಕೃತ ಬೇಸ್‌ಲೈನ್' ಎಂದು ಹೆಸರಿಡುತ್ತಾರೆ. ಪ್ರತಿ ತಿಂಗಳೂ ಪರಿಷ್ಕರಿಸಿದರೆ ಯಾವ ಯೋಜನೆಯೂ ತಡವಾಗುವುದಿಲ್ಲ. ಪ್ರಶಸ್ತಿ ಸಮಿತಿಗೂ ಹೋಗುವುದು ಆ ಚಾರ್ಟೇ.

ಅಷ್ಟರಲ್ಲಿ ವೆಬಿನಾರ್ ಮುಗಿಯಿತು. ಪ್ರಮಾಣಪತ್ರ ಬೇಕಾದರೆ ಅಭಿಪ್ರಾಯ ಪತ್ರ ತುಂಬಬೇಕು. 'ಇಂದು ಕಲಿತದ್ದನ್ನು ಕೆಲಸದಲ್ಲಿ ಬಳಸುವಿರಾ?' ಎಂಜಿನಿಯರ್ 'ಖಂಡಿತ' ಎಂಬಲ್ಲಿ ಬೆರಳೊತ್ತಿ, ಇನ್ನೊಂದು ಕೈಯಿಂದ ಮೇಸ್ತ್ರಿಗೆ ಸನ್ನೆ ಮಾಡಿದ: ಮುಂದಿನ ಗಾಡಿಗೂ ಸ್ವಲ್ಪ ಬಿಡು.