ಹಳೆಯ ಕಾಮಿಕ್ಸ್‌ಗೆ ಜಾತಕ ಬರೆಯುವ ಕಷ್ಟ

ಹಳೆಯ ಕಾಮಿಕ್ ಪುಸ್ತಕಗಳ ವಿಷಯದಲ್ಲಿ ನಾಲ್ಕಕ್ಷರ ಬಲ್ಲವನೆಂಬ ಹೆಸರು ಒಮ್ಮೆ ಬಂದುಬಿಟ್ಟರೆ ಸಾಕು, ಬಂಧುಬಳಗದಲ್ಲಿ ಯಾರ ಮನೆಯ ಅಟ್ಟ ಗುಡಿಸಿದರೂ ಅದರ ಧೂಳು ಬಂದು ಬೀಳುವುದು ನಮ್ಮ ಮೇಜಿನ ಮೇಲೆ. ಪೆಟ್ಟಿಗೆ ಹೊತ್ತು ಬಂದವರಲ್ಲಿ ಯಾವ ಕತೆ ಚೆನ್ನಾಗಿದೆ, ಯಾರ ಚಿತ್ರಗಳು ಸೊಗಸಾಗಿವೆ ಎಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ, ಎಲ್ಲರ ಬಾಯಲ್ಲೂ "ಇದಕ್ಕೆ ಎಷ್ಟು ಬರುತ್ತದೆ?" ಎಂಬ ಒಂದೇ ಪ್ರಶ್ನೆ. ಸೂಪರ್‌ಮ್ಯಾನ್ ಮೊದಲ ಬಾರಿಗೆ ಕಾಣಿಸಿಕೊಂಡ, 1938ರ ಜೂನ್ ತಿಂಗಳ ಹೆಸರು ಹೊತ್ತು ಹತ್ತು ಸೆಂಟಿಗೆ ಮಾರಾಟವಾಗಿದ್ದ 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಪ್ರತಿಯೊಂದು 2024ರ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತೆಂಬ ಸುದ್ದಿ ಹರಡಿದ ಮೇಲಂತೂ ನನ್ನ ಭಾನುವಾರಗಳು ನನ್ನವಾಗಿ ಉಳಿದಿಲ್ಲ.

ಆ ಸುದ್ದಿಯನ್ನು ಓದಿದ ಹಿರಿಯ ನೆಂಟರೊಬ್ಬರು ಹಳೆಯ ರೇಷ್ಮೆ ವಸ್ತ್ರದಲ್ಲಿ ಸುತ್ತಿದ ಕಟ್ಟೊಂದನ್ನು ಎದೆಗವಚಿಕೊಂಡು ಬಂದರು. ಬಾಗಿಲು ಹಾಕಿಸಿದರು, ಕಿಟಕಿಯನ್ನೂ ಹಾಕಿಸಿದರು, ಆಮೇಲೆ ಗಂಟು ಬಿಚ್ಚಿದರು. ಒಳಗಿದ್ದದ್ದು ಸಾಕ್ಷಾತ್ ಅದೇ: ಹಸಿರು ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಅಪ್ಪಳಿಸುತ್ತಿರುವ ನಾಯಕ, ಮೂಲೆಯಲ್ಲಿ ಹತ್ತು ಸೆಂಟಿನ ಬೆಲೆ, ಅದೇ ತಿಂಗಳು, ಅದೇ ಸಂಖ್ಯೆ. ನಾನು ಮಾತಾಡದೆ ಎದ್ದು ಹೋಗಿ ಮಕ್ಕಳ ಚೀಲದಿಂದ ಸ್ಕೇಲೊಂದನ್ನು ತಂದು ಅಳೆದೆ. ಮೂಲ ಸಂಚಿಕೆಯ ಎತ್ತರ ಹತ್ತೂವರೆ ಇಂಚಿನ ಆಸುಪಾಸು. ಇದು ಹದಿಮೂರನ್ನು ದಾಟಿ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಸಂಗತಿಯೇನೆಂದರೆ, 1974ರಲ್ಲಿ ಡಿಸಿ ಪ್ರಕಾಶನದವರೇ ಆ ಸಂಚಿಕೆಯನ್ನು ಹೊರಗೊಂದು ದಪ್ಪ ರಟ್ಟಿನ ಹೊದಿಕೆ ಹಾಕಿ, ದೊಡ್ಡ ಗಾತ್ರದಲ್ಲಿ, ಒಳಮುಖಪುಟವನ್ನೂ ಇದ್ದಂತೆಯೇ ಉಳಿಸಿಕೊಂಡು ಮರುಮುದ್ರಿಸಿದ್ದರು. ಆ ರಟ್ಟು ಕಳಚಿಹೋದರೆ, ಅಥವಾ ಯಾರಾದರೂ ಪುಣ್ಯಾತ್ಮರು ಬೇಕೆಂದೇ ಕಳಚಿದರೆ, ಉಳಿಯುವುದು ಒಳಗಿನ 1938ನೆಯ ಇಸವಿ ಮಾತ್ರ. ಇಷ್ಟನ್ನು ಆದಷ್ಟು ಮೆತ್ತಗೆ ವಿವರಿಸಿದ ಮೇಲೆ ನೆಂಟರು ಸ್ವಲ್ಪ ಹೊತ್ತು ಯೋಚಿಸಿ, "ಗಾತ್ರ ದೊಡ್ಡದಾಗಿದ್ದರೆ ಬೆಲೆಯೂ ದೊಡ್ಡದಾಗಬೇಕಲ್ಲವೇ?" ಎಂದು ಕೇಳಿದರು. ತರ್ಕದಲ್ಲಿ ದೋಷವಿರಲಿಲ್ಲ, ಲೋಕ ಆ ತರ್ಕದಂತೆ ನಡೆಯದಿರುವುದಕ್ಕೆ ನಾನು ಹೊಣೆಯಲ್ಲವೆಂದು ಒಪ್ಪಿಸುವಷ್ಟರಲ್ಲಿ ಎರಡು ಸುತ್ತು ಕಾಫಿ ಮುಗಿದಿತ್ತು.

ಯಾವ ಸಂಚಿಕೆಗೆ ಬೇಡಿಕೆ, ಯಾವುದಕ್ಕಿಲ್ಲ ಎಂದು ಹೇಳಹೊರಟವರಿಗೆ ಎದುರಾಗುವ ದೊಡ್ಡ ತೊಡಕೆಂದರೆ ಹಳೆಯದೆಲ್ಲ ಹೊನ್ನು ಎಂಬ ಜನರ ನಂಬಿಕೆ. ಸಂಗ್ರಾಹಕರು ವಯಸ್ಸಿಗಿಂತ ಮೊದಲು ನೋಡುವುದು ಆ ಸಂಚಿಕೆಯಲ್ಲಿ ಯಾರು ಮೊದಲ ಸಲ ರಂಗಪ್ರವೇಶ ಮಾಡಿದ್ದಾರೆ ಎಂಬುದನ್ನು. ಅಂಥದ್ದನ್ನು ಅವರು 'ಕೀ ಇಶ್ಯೂ' ಎನ್ನುತ್ತಾರೆ. ಇನ್ನೇನು ಬಾಗಿಲು ಮುಚ್ಚಲಿದ್ದ 'ಅಮೇಜಿಂಗ್ ಫ್ಯಾಂಟಸಿ' ಎಂಬ ಸರಣಿಯ 15ನೆಯ ಸಂಚಿಕೆಯಲ್ಲಿ, 1962ರ ಆಗಸ್ಟಿನಲ್ಲಿ, ಸ್ಪೈಡರ್‌ಮ್ಯಾನ್ ಎಂಬ ಹುಡುಗನಿಗೆ ಒಂದಿಷ್ಟು ಪುಟ ಕೊಟ್ಟು ನೋಡಿದರು. ಅದರ ಪ್ರತಿಯೊಂದು 2021ರಲ್ಲಿ 36 ಲಕ್ಷ ಡಾಲರಿಗೆ ಮಾರಾಟವಾಯಿತು. ಅದರ ಹಿಂದಿನ 14ನೆಯ ಸಂಚಿಕೆಗಾಗಿ ಅಷ್ಟಾಗಿ ಯಾರೂ ನಿದ್ದೆಗೆಡುವುದಿಲ್ಲ, ಅದು ಇನ್ನೂ ಹಳೆಯದಾಗಿದ್ದರೂ.

ಈ ರಂಗಪ್ರವೇಶದ ಶಾಸ್ತ್ರದಲ್ಲೂ ಮಡಿಮೈಲಿಗೆಯ ಸೂಕ್ಷ್ಮಗಳು ಬಹಳ. 'ಇನ್‌ಕ್ರೆಡಿಬಲ್ ಹಲ್ಕ್' ಸರಣಿಯ 180ನೆಯ ಸಂಚಿಕೆಯ ಕೊನೆಯ ಪುಟದಲ್ಲೇ ವುಲ್ವರಿನ್ ಎಂಬ ನಾಯಕ ಬಂದು ನಿಂತಿದ್ದರೂ, ಜನ ಮುಗಿಬೀಳುವುದು ಅವನು ಮೈತುಂಬ ಕಾಣಿಸಿಕೊಳ್ಳುವ 181ನೆಯ ಸಂಚಿಕೆಗೆ. ಹೊಸ್ತಿಲು ದಾಟಿದ ದಿನ ಲೆಕ್ಕಕ್ಕಿಲ್ಲ, ಒಳಗೆ ಬಂದು ಜಗಳ ತೆಗೆದ ದಿನವೇ ಲೆಕ್ಕ. ಇದನ್ನು ತಿಳಿದಿದ್ದ ಪರಿಚಯಸ್ಥರೊಬ್ಬರು ತಮ್ಮ ಬಾಲ್ಯದ 181ನ್ನು ಹೊಳೆಯುವ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ತಂದು, ಈ ಬಾರಿ ನೀವು ಸ್ಕೇಲು ತರಬೇಕಾಗಿಲ್ಲ ಎಂದು ನಕ್ಕರು. ಮುಖಪುಟ ಸೊಗಸಾಗಿತ್ತು, ಬೆನ್ನು ನೆಟ್ಟಗಿತ್ತು, ಪಿನ್ನುಗಳಿಗೆ ತುಕ್ಕಿನ ಸೋಂಕೂ ಇರಲಿಲ್ಲ. ನಾನು ಓದುಗರ ಪತ್ರಗಳ ಪುಟವನ್ನು ತೆರೆದೆ. ಅಲ್ಲಿ ಅಚ್ಚುಕಟ್ಟಾಗಿ ಕತ್ತರಿಸಿದ ಒಂದು ಪುಟ್ಟ ಚೌಕಾಕಾರದ ರಂಧ್ರವಿತ್ತು, ಅದರೊಳಗಿನಿಂದ ಮುಂದಿನ ಪುಟ ಇಣುಕುತ್ತಿತ್ತು.

ಮಾರ್ವೆಲ್ ಪ್ರಕಾಶನದವರು 1974ರಲ್ಲಿ ತಮ್ಮ ಸಂಚಿಕೆಗಳಲ್ಲಿ ಪುಟಾಣಿ ಸ್ಟ್ಯಾಂಪುಗಳನ್ನು ಮುದ್ರಿಸಿ, ಅವನ್ನು ಕತ್ತರಿಸಿ ಆಲ್ಬಮ್ಮಿನಲ್ಲಿ ಅಂಟಿಸಿ ನೂರನ್ನೂ ಕೂಡಿಸಿರೆಂದು ಮಕ್ಕಳಿಗೆ ಕರೆಕೊಟ್ಟಿದ್ದರು. ದೊಡ್ಡವರ ಮಾತನ್ನು ಕೇಳುವ ಮಕ್ಕಳೆಲ್ಲ ಕತ್ತರಿ ಹಿಡಿದರು. ಮಾತು ಕೇಳದ ಸೋಮಾರಿ ಮಕ್ಕಳ ಪ್ರತಿಗಳು ಮಾತ್ರ ಇಂದು ಇಡಿಯಾಗಿ ಉಳಿದು ಹಲವು ಪಟ್ಟು ಬೆಲೆ ತರುತ್ತಿವೆ. ವಿಧೇಯತೆಗೆ ಇಷ್ಟು ದುಬಾರಿ ದಂಡ ತೆತ್ತ ಇನ್ನೊಂದು ಉದಾಹರಣೆ ನನಗೆ ತಿಳಿದಿಲ್ಲ. "ಹೆಬ್ಬೆರಳಿನಷ್ಟು ಕಾಗದ ಹೋದರೆ ಮಹಾ ಏನಾಯಿತು?" ಎಂದು ಆ ಪರಿಚಯಸ್ಥರು ವಾದಿಸಿ ನೋಡಿದರು. ಆ ಕತ್ತರಿ ಹಿಡಿದದ್ದು ಅವರ ಅಣ್ಣನಂತೆ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತುಕತೆ ತೀರಾ ಕಡಿಮೆಯಾಗಿದೆಯೆಂದೂ, ನೆಮ್ಮದಿಯಾಗಿದ್ದ ಮನೆಯಲ್ಲಿ ನಾನು ಬೇಡದ ಪುಟ ತೆರೆದೆನೆಂದೂ ಅತ್ತಿಗೆಯವರು ಇಂದಿಗೂ ನನ್ನನ್ನೇ ದೂರುತ್ತಾರೆ.

ಕತೆ ಮಹತ್ವದ್ದಾಗಿದ್ದರೂ ಪ್ರತಿಗಳು ಬೇಕಾದಷ್ಟಿದ್ದರೆ ಬೇಡಿಕೆ ಉಳಿಯುವುದಿಲ್ಲ. ಮೂವತ್ತರ, ನಲವತ್ತರ ದಶಕಗಳ ಸಂಚಿಕೆಗಳು ಅಪರೂಪವಾದದ್ದು ಅವನ್ನು ಕಾಪಾಡಬೇಕೆಂದು ಯಾರಿಗೂ ಹೊಳೆಯದೆ ಇದ್ದುದರಿಂದ: ಓದಿದರು, ಹರಿದರು, ಎರಡನೆಯ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದದ ಸಂಗ್ರಹಕ್ಕೆ ಕಟ್ಟುಗಟ್ಟಲೆ ಕೊಟ್ಟರು, ಉಳಿದವನ್ನು ತಾಯಂದಿರು ಮನೆ ಸ್ವಚ್ಛ ಮಾಡುವಾಗ ಎಸೆದರು. ಈ ತಾಯಂದಿರ ಋಣವನ್ನು ಸಂಗ್ರಾಹಕರು ಇನ್ನೂ ತೀರಿಸಿಲ್ಲ. ತೊಂಬತ್ತರ ದಶಕದ ಹೊತ್ತಿಗೆ ಮಾತ್ರ ಎಲ್ಲರಿಗೂ ಜ್ಞಾನೋದಯವಾಗಿತ್ತು. ಸೂಪರ್‌ಮ್ಯಾನ್ ಸಾಯುವ 75ನೆಯ ಸಂಚಿಕೆ 1992ರ ನವೆಂಬರಿನಲ್ಲಿ ಕಪ್ಪು ಚೀಲದೊಳಗೆ, ಶೋಕಸೂಚಕ ತೋಳುಪಟ್ಟಿಯ ಸಮೇತ ಬಂದಾಗ ಜನ ಸಾಲುಗಟ್ಟಿ ನಿಂತು ಕೊಂಡು, ಚೀಲವನ್ನು ಬಿಚ್ಚದೆ, ಮಕ್ಕಳ ಕಾಲೇಜಿನ ಖರ್ಚಿಗಾಯಿತೆಂದು ಬೀರುವಿನಲ್ಲಿಟ್ಟರು. ಅದಕ್ಕೂ ಒಂದು ವರ್ಷ ಮೊದಲು ಬಂದ 'ಎಕ್ಸ್‌ಮೆನ್' ಮೊದಲ ಸಂಚಿಕೆ ಐದು ಬಗೆಯ ಮುಖಪುಟಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಗಿ ದಾಖಲೆ ಬರೆದಿತ್ತು. ಎಲ್ಲರೂ ಜೋಪಾನವಾಗಿಟ್ಟ ವಸ್ತುವನ್ನು ಯಾರು ಯಾರಿಂದ ಕೊಳ್ಳಬೇಕು? ನನ್ನ ಮುಂದೆ ಬರುವ ಪೆಟ್ಟಿಗೆಗಳಲ್ಲಿ ಈ ಕಪ್ಪು ಚೀಲ ಇಲ್ಲದ ಪೆಟ್ಟಿಗೆ ಅಪರೂಪ. ಅದನ್ನು ತೆಗೆಯುವಾಗ ಮನೆಯವರ ಮುಖದಲ್ಲಿ ಮೂಡುವ ಭಕ್ತಿಯನ್ನು ಕಂಡು ನಾನು ತೋಳುಪಟ್ಟಿ ಕಟ್ಟಿಕೊಳ್ಳಬೇಕಾದವರು ಯಾರು ಎಂದು ಯೋಚಿಸುತ್ತೇನೆ.

ನನ್ನ ಭಾವಮೈದುನ ಈ ಹಳೆಯ ಶಾಸ್ತ್ರವನ್ನೆಲ್ಲ ನಿವಾಳಿಸಿ ಎಸೆದು ಸಿನಿಮಾ ಗಾಳಿಸುದ್ದಿಯ ಮಾರ್ಗವನ್ನು ಹಿಡಿದಿದ್ದಾನೆ. ಅವನ ಮಾರ್ಗಕ್ಕೆ ಆಧಾರವಿಲ್ಲವೆನ್ನುವಂತಿಲ್ಲ: ಥ್ಯಾನೋಸ್ ಮೊದಲು ಕಾಣಿಸಿಕೊಂಡ 1973ರ 'ಐರನ್ ಮ್ಯಾನ್' 55ನೆಯ ಸಂಚಿಕೆಯನ್ನು, 2012ರಲ್ಲಿ ಆ ಖಳನಾಯಕ ತೆರೆಯ ಮೇಲೆ ಒಂದು ಕ್ಷಣ ತಿರುಗಿ ನಕ್ಕ ಮೇಲೆ, ಜನ ಹುಡುಕಿಕೊಂಡು ಹೋಗಿ ಕೊಂಡರು. ತೊಂದರೆಯೇನೆಂದರೆ, ಸುದ್ದಿ ಭಾವಮೈದುನನ ಕಿವಿಗೆ ಬೀಳುವಷ್ಟರಲ್ಲಿ ಮಾರುವವನ ಕಿವಿಗೆ ಅದು ಎರಡು ಸಲ ಬಿದ್ದಿರುತ್ತದೆ. ಹೀಗಾಗಿ ಇನ್ನೂ ಬಾರದ, ಬಹುಶಃ ಎಂದೂ ಬಾರದ ಚಿತ್ರಗಳ ಮೂರನೆಯ ದರ್ಜೆಯ ಖಳನಾಯಕರೆಲ್ಲ ಅವನ ಕಪಾಟಿನಲ್ಲಿ ಕರೆಗಾಗಿ ಕಾಯುತ್ತ ಕುಳಿತಿದ್ದಾರೆ. ನಿಜವಾಗಿ ಬೆಳೆದು ನಿಂತವುಗಳನ್ನು ನೋಡಿದರೆ, ಹದಿಹರೆಯದ ಆ ನಿಂಜಾ ಆಮೆಗಳ ಮೊದಲ ಸಂಚಿಕೆ 1984ರಲ್ಲಿ ಮೊದಲ ಮುದ್ರಣದಲ್ಲಿ ಅಚ್ಚಾದದ್ದು ಸುಮಾರು 3,000 ಪ್ರತಿ. 2003ರ 'ವಾಕಿಂಗ್ ಡೆಡ್' ಮೊದಲ ಸಂಚಿಕೆ 7,000ದ ಆಸುಪಾಸು. ಅಂದು ಅವುಗಳ ಬಗ್ಗೆ ಯಾರೂ ಗಾಳಿಸುದ್ದಿಯನ್ನೂ ಹಬ್ಬಿಸಿರಲಿಲ್ಲ.

ಭಾವಮೈದುನನ ಕಪಾಟಿನಲ್ಲಿ ನಿಜಕ್ಕೂ ಬೇಡಿಕೆಯಿರುವ ಸಂಚಿಕೆ ಒಂದಿತ್ತು: ಡೆಡ್‌ಪೂಲ್ ಮೊದಲು ಕಾಣಿಸಿಕೊಂಡ 1991ರ 'ನ್ಯೂ ಮ್ಯೂಟಂಟ್ಸ್' 98. ಅದರ ಪ್ರತಿಗಳೇನೂ ಕಡಿಮೆಯಿಲ್ಲವಾದ್ದರಿಂದ ಅಲ್ಲಿ ಬೆಲೆಯನ್ನು ನಿರ್ಧರಿಸುವುದು ಪ್ರತಿ ಎಷ್ಟು ನಲುಗದೆ ಉಳಿದಿದೆ ಎಂಬುದು. 2000ದಲ್ಲಿ ಆರಂಭವಾದ ಸಿಜಿಸಿಯಂಥ ಸಂಸ್ಥೆಗಳು 0.5ರಿಂದ 10ರವರೆಗೆ ಅಂಕ ಕೊಟ್ಟು, ಪುಸ್ತಕವನ್ನು ಮತ್ತೆಂದೂ ಓದಲಾಗದಂತೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕಳಿಸುತ್ತವೆ, 9.8 ಬಂದ ಪ್ರತಿಗೂ 9.2 ಬಂದ ಪ್ರತಿಗೂ ಇರುವ ಅಂತರ ಭೂತಗನ್ನಡಿಗೆ ಕಾಣುವುದಕ್ಕಿಂತ ಜೇಬಿಗೆ ಬೇಗ ಕಾಣುತ್ತದೆ. ಮುಖಪುಟದ ಮಡಿಕೆಗಳನ್ನು ಹದವಾದ ಬಿಸಿ, ತೇವ ಮತ್ತು ಒತ್ತಡದಿಂದ ನಿವಾರಿಸುವ ಪರಿಣತರಿದ್ದಾರೆಂದು ನಾನು ಒಮ್ಮೆ ಹೇಳಿದ್ದುಂಟು. ಪರಿಣತರು ಎಂಬ ಪದವನ್ನು ನಾನು ಒತ್ತಿಯೇ ಹೇಳಿದ್ದೆ, ಬಿಸಿ ಎಂಬುದನ್ನು ಅವನು ಒತ್ತಿ ಕೇಳಿಸಿಕೊಂಡಿದ್ದ.

ಮರುವಾರ ಅವನು ತಂದು ತೋರಿಸಿದ ಪ್ರತಿಯ ಮೇಲೆ ಮಡಿಕೆ ಒಂದೂ ಇರಲಿಲ್ಲ. ಡೆಡ್‌ಪೂಲ್‌ನ ಎದೆಯ ಮೇಲಿಂದ ಬೆಲೆಯ ಮೂಲೆಯವರೆಗೆ ಇಸ್ತ್ರಿಪೆಟ್ಟಿಗೆಯ ಮೂತಿ ತನ್ನ ಕಂದು ಮುದ್ರೆಯನ್ನು ಒತ್ತಿತ್ತು, ಹಬೆ ಬರುವ ಸಣ್ಣ ತೂತುಗಳ ಗುರುತಿನ ಸಮೇತ. ನಾನು ಬಹಳ ಹೊತ್ತು ಸುಮ್ಮನಿದ್ದೆ. ಬೆಲೆಯನ್ನು ಏರಿಸುವುದು ಅಪರೂಪವೆಂಬ ಗುಣವೇ ಎಂದು ನೀವೇ ಹೇಳಿದ್ದೀರಲ್ಲ ಎಂದು ನೆನಪಿಸಿ, ಅವನು ಮುಖದಲ್ಲಿ ಕಿಂಚಿತ್ತೂ ಅಳುಕಿಲ್ಲದೆ ಕೇಳಿದ: "ಈ ಗುರುತಿರುವ ಪ್ರತಿ ಜಗತ್ತಿನಲ್ಲಿ ಇದೊಂದೇ ಇರಬೇಕಲ್ಲವೇ?"