ಸ್ಪಷ್ಟನೆ: ರೋಬೋ ಸ್ಪರ್ಧೆಯಲ್ಲಿ ಅಂಕ ಕೊಡುವುದಕ್ಕೇ ಪೇಟೆಂಟ್ ಇದೆಯೇ?

‘ಅಮೆರಿಕದ ಫಸ್ಟ್ ಸಂಸ್ಥೆಯ (ಶಾಲಾ ಮಕ್ಕಳಿಗೆ ರೋಬೋ ಸ್ಪರ್ಧೆ ನಡೆಸುವ ಸಂಸ್ಥೆ) ಸ್ಥಾಪಕರು ಅಂಕ ನೀಡುವ ನಿಯಮಕ್ಕೇ ಪೇಟೆಂಟ್ ಮಾಡಿಸಿದ್ದಾರೆ, ಇನ್ನು ಬೇರೆ ಯಾರೂ ವಿದ್ಯಾರ್ಥಿಗಳ ರೋಬೋ ಸ್ಪರ್ಧೆ ನಡೆಸುವಂತಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದರಲ್ಲಿ ಮೊದಲರ್ಧಕ್ಕೆ ಒಂದಿಷ್ಟು ಆಧಾರವಿದೆ. ಉಳಿದರ್ಧ ಬರೀ ಗಾಳಿಮಾತು.

ಪೇಟೆಂಟ್ ಪಡೆದದ್ದು ನಿಜ. ‘ಕೋಪರ್ಟಿಷನ್’ (ಸಹಕಾರ ಬೆರೆತ ಪೈಪೋಟಿ) ಉಂಟುಮಾಡುವ ವಿಧಾನಕ್ಕೆ 2009ರಲ್ಲಿ 7,507,169 ಸಂಖ್ಯೆಯ ಅಮೆರಿಕನ್ ಪೇಟೆಂಟ್ ಸಿಕ್ಕಿದೆ. ಅದರ ತಿರುಳು, ಗೆದ್ದವರ ರ‍್ಯಾಂಕಿಂಗ್ ಅಂಕವನ್ನು ಸೋತವರ ಅಂಕಕ್ಕೂ ಗಂಟುಹಾಕುವುದು. ಗೆದ್ದ ತಂಡಕ್ಕೆ ತನ್ನ ಅಂಕದ ಜೊತೆ ಎದುರಾಳಿಯ ಅಂಕದ ಎರಡರಷ್ಟು ಸಿಗುತ್ತದೆ ಎಂದಿಟ್ಟುಕೊಳ್ಳಿ. 60–10ರಲ್ಲಿ ಗೆದ್ದರೆ 80, 50–40ರಲ್ಲಿ ಗೆದ್ದರೆ 130! ಎದುರಾಳಿಯನ್ನು ನೆಲಕಚ್ಚಿಸಿದರೆ ನಷ್ಟ ಗೆದ್ದವರಿಗೇ. ಜಾಣ ಲೆಕ್ಕ, ಒಪ್ಪಲೇಬೇಕು.

ಆದರೆ ಪೇಟೆಂಟ್ ಕಾಯುವುದು ಅದರ ಹಕ್ಕುಸಾಧನೆಯ ವಾಕ್ಯಗಳಲ್ಲಿ (ಕ್ಲೇಮ್‌ಗಳಲ್ಲಿ) ಹೇಳಿದ ಹಂತಗಳನ್ನು ಮಾತ್ರ, ಅದೂ ಆ ದೇಶದ ಗಡಿಯೊಳಗೆ, ಸೀಮಿತ ಅವಧಿಗೆ. ಚೆಂಡು ಬುಟ್ಟಿಗೆ ಹಾಕಿದರೆ ಇಷ್ಟು, ರೋಬೋ ಇಳಿಜಾರು ಹತ್ತಿದರೆ ಇಷ್ಟು ಎಂದು ಅಂಕ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಿಯಮಪುಸ್ತಕವನ್ನು ಪದಶಃ ನಕಲು ಮಾಡಿದರೆ ಅದು ಕಾಪಿರೈಟ್ ಪ್ರಶ್ನೆ, ‘ಕೋಪರ್ಟಿಷನ್’ ಹೆಸರನ್ನು ಬಳಸಿದರೆ ಟ್ರೇಡ್‌ಮಾರ್ಕ್ ಪ್ರಶ್ನೆ. ಮೂರನ್ನೂ ಕಲಸಿಬಿಟ್ಟಿದ್ದೇ ಈ ಗೊಂದಲದ ಮೂಲ.

ಇನ್ನೊಂದು ಸಂಗತಿ: ಅಮೂರ್ತ ಕಲ್ಪನೆಯನ್ನು ಕಂಪ್ಯೂಟರಿಗೆ ಅಳವಡಿಸಿದ ಮಾತ್ರಕ್ಕೆ ಪೇಟೆಂಟ್ ಸಿಗದು ಎಂದ ಅಮೆರಿಕದ ಸುಪ್ರೀಂ ಕೋರ್ಟಿನ 2014ರ ಆಲಿಸ್ ತೀರ್ಪಿನ ನಂತರ ಅಮೆರಿಕದಲ್ಲೂ ಬರೀ ಆಟದ ನಿಯಮಕ್ಕೆ ಪೇಟೆಂಟ್ ಗಿಟ್ಟಿಸುವುದು ಕಷ್ಟ. ಇಸ್ಪೀಟಿನ ಜೂಜಾಟವೊಂದರ ನಿಯಮಗಳ ಅರ್ಜಿಯನ್ನು 2016ರಲ್ಲಿ ಅಲ್ಲಿನ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಅಮೂರ್ತ ಕಲ್ಪನೆಯೆಂದು ತಳ್ಳಿಹಾಕಿದೆ.